ಹೊಗೆ ತೋರಿಸುವ ಮನೆ

ಬಿಳಿ ಕಾರು ಬೀದಿಯ ತುದಿಗೆ ಬಂದು ನಿಂತ ಕೂಡಲೇ ಕಿರಿಸೊಸೆ ಸೌದೆಗೆ ನೀರು ಚಿಮುಕಿಸಬೇಕು. ಹಾಗಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೇ ಕಂಡುಕೊಂಡದ್ದು. ಒಣ ಸೌದೆ ಉರಿಯುತ್ತದೆ, ಒದ್ದೆ ಸೌದೆ ಹೊಗೆಯಾಡುತ್ತದೆ. ಬಂದವರಿಗೆ ಬೇಕಾಗಿದ್ದದ್ದು ಹೊಗೆ.

ಕಾರಿನಿಂದ ಪರದೇಶದವರು ಇಳಿಯುತ್ತಿದ್ದರು. ಎತ್ತರದ ಮೈ, ದಪ್ಪ ಬೂಟು, ಕತ್ತಿಗೆ ನೇತುಹಾಕಿದ ಕ್ಯಾಮರಾ. ಮೊದಲು ಇವಳ ಬಾಗಿಲು. ಮೂಗಿಗೆ ಕರ್ಚೀಫು ಒತ್ತಿ ಒಳಗೆ ಇಣುಕುವರು. ಮಸಿ ಹಿಡಿದ ಗೋಡೆ, ಕುದಿಯುತ್ತಿರುವ ಡ್ರಮ್ಮು, ಕಣ್ಣು ಕೆಂಡದಂತಾದ ಹೆಂಗಸು, ಮಣೆಯ ಮೇಲೆ ಕೂತು ಕೆಮ್ಮುವ ಪುಟ್ಟ ಹುಡುಗಿ. ಅಯ್ಯೋ ಪಾಪ ಅನ್ನುವುದು ಯಾವ ಭಾಷೆಯಲ್ಲಿ ಅಂದರೂ ಮುಖ ನೋಡಿದರೆ ಗೊತ್ತಾಗುತ್ತದೆ. ಅಷ್ಟು ಅಂದು, ಫೋಟೋ ಹಿಡಿದುಕೊಂಡು, ಅವರು ಪಕ್ಕದ ಬಾಗಿಲಿಗೆ ಹೋಗುತ್ತಿದ್ದರು.

ಪಕ್ಕದ ಬಾಗಿಲು ಹಿರಿಸೊಸೆಯದು. ಅಲ್ಲಿ ಬೆಳ್ಳನೆ ಗೋಡೆ, ಹೊಗೆ ಹೋಗಲು ಕೊಳವೆ ಹಾಕಿದ ಹೊಸ ಒಲೆ, ಮೂಲೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಪಾಯಿಖಾನೆ. ಕಿಟಕಿಯಿಂದ ಬೆಳಕು ಸುರಿಯುತ್ತಿತ್ತು. ಹಿರಿಸೊಸೆ ಒಗೆದ ಬಟ್ಟೆ ಉಟ್ಟು ಹಲ್ಲು ಕಾಣುವಂತೆ ನಗಬೇಕು. ಬಂದವರು ಕರ್ಚೀಫು ಜೇಬಿಗಿಟ್ಟು ಅವಳ ಕೈ ಕುಲುಕುವರು. ಸಂಸ್ಥೆಯವರು ಈ ಎರಡು ಬಾಗಿಲಿಗೆ ಹೆಸರಿಟ್ಟಿದ್ದರು. ಒಂದು ಮೊದಲಿನ ಮನೆ, ಇನ್ನೊಂದು ಆಮೇಲಿನ ಮನೆ.

ಅಸಲಿಗೆ ಅದು ಒಂದೇ ಮನೆ.

ಮಾವ ಕಟ್ಟಿಸಿದ ಒಂದೇ ಉದ್ದನೆಯ ಕೋಣೆ. ಅಣ್ಣ ತಮ್ಮ ಇಬ್ಬರೂ ಹೆಂಡತಿ ಮಕ್ಕಳೊಂದಿಗೆ ಅದರಲ್ಲೇ ಇದ್ದರು. ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ಕಿಟಕಿ. ಒಲೆಯಲ್ಲಿ ಹುಟ್ಟಿದ ಹೊಗೆ ತಗಡಿನ ಕೆಳಗೆ ನಿಧಾನಕ್ಕೆ ನಡೆದುಕೊಂಡು ಹೋಗಿ ಕಿಟಕಿಯಿಂದ ಆಚೆ ಬೀಳುತ್ತಿತ್ತು. ಕಣ್ಣು ಉರಿಯುತ್ತಿರಲಿಲ್ಲ ಅಂತಲ್ಲ. ಉರಿಯುತ್ತಿತ್ತು. ಆದರೆ ಮಕ್ಕಳು ಆ ಕೋಣೆಯಲ್ಲಿ ಓಡಾಡಿಕೊಂಡು, ಜಗಳವಾಡಿಕೊಂಡು, ಉಸಿರಾಡಿಕೊಂಡು ಇದ್ದವು.

ಗಂಡಸರಿಬ್ಬರೂ ಚರ್ಮದ ಕಾರ್ಖಾನೆಯಲ್ಲಿ ಸುಣ್ಣದ ತೊಟ್ಟಿಗೆ ಇಳಿದು ತೊಗಲು ತುಳಿಯುವವರು. ಸಂಜೆ ಬರುವಾಗ ಹೆಗಲ ಮೇಲೆ ಮೂಟೆ. ಮೂಟೆಯಲ್ಲಿ ಕಾರ್ಖಾನೆಗೆ ಬೇಡವಾದದ್ದು. ಕಿವಿ, ಬಾಲ, ಮೊಣಕಾಲಿನ ತೊಗಲು, ಹರಕು ಚೂರು. ಅದನ್ನು ತೊಳೆದು, ಸುಣ್ಣ ಬಿಡಿಸಿ, ಡ್ರಮ್ಮಿಗೆ ಸುರಿದು ಬೇಯಿಸಿ ಅಂಟು ತೆಗೆಯುವುದು ಸೊಸೆಯರ ಕೆಲಸ. ಬೆಳಗ್ಗೆ ಒಲೆ ಹಚ್ಚಿದರೆ ಸಂಜೆಯವರೆಗೂ ಕೋಲು ಹಿಡಿದು ತಿರುವುತ್ತಲೇ ಇರಬೇಕು. ಕೈ ನಿಂತರೆ ತಳ ಹಿಡಿಯಿತು ಅಂತಲೇ ಲೆಕ್ಕ. ತಳ ಹಿಡಿದ ಅಂಟು ಕರ್ರಗಾಗುತ್ತದೆ. ಕರ್ರಗಿನ ಅಂಟನ್ನು ಅಂಗಡಿಯವನು ಕಾಲಲ್ಲೂ ಮುಟ್ಟುವುದಿಲ್ಲ. ಸುಣ್ಣ ತಿಂದು ಅವರ ಬೆರಳ ಸಂದಿ ಸದಾ ಬಿರಿದಿರುತ್ತಿತ್ತು. ಮೈಯ ವಾಸನೆ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಬಸ್ಸು ಹತ್ತಿದರೆ ಪಕ್ಕದ ಸೀಟು ತಾನಾಗಿಯೇ ಖಾಲಿಯಾಗುತ್ತಿತ್ತು. ಹಿರಿಸೊಸೆಯ ಮಗಳನ್ನು ಶಾಲೆಯಲ್ಲಿ ಬೆಂಚಿನ ತುದಿಗೆ, ಒಬ್ಬಳನ್ನೇ ಕೂರಿಸುತ್ತಿದ್ದರು. ಆ ಬೆಂಚಿನ ಕಾಲು ಕಳಚದೆ ನಿಂತಿದ್ದದ್ದು ಇವರ ಅಂಟಿನಿಂದಲೇ. ಅದನ್ನು ಆ ಮೇಷ್ಟರಿಗೆ ಹೇಳುವವರು ಯಾರು.

ಇಂಥ ಬೀದಿಗೆ ಸಂಸ್ಥೆ ಬಂತು. ಪರದೇಶದ ನೆರವು ಅಂದರು. ಬಡವರ ಆರೋಗ್ಯ ಸುಧಾರಿಸಬೇಕು, ಮನೆ ಮನೆಗೂ ಬದುಕಲು ಒಂದು ದಾರಿ ಆಗಬೇಕು ಅಂದರು. ಅದನ್ನು ನೋಡಿಕೊಳ್ಳಲು ಒಬ್ಬ ಸಾಹೇಬನನ್ನು ಬಿಟ್ಟರು. ಅವನು ನಮ್ಮವನೇ, ನಮ್ಮ ಭಾಷೆಯವನೇ. ಏನು ಕೇಳಿದರೂ "ಆಗುತ್ತಮ್ಮ, ಆಗುತ್ತೆ" ಅನ್ನುವವನು. ನಲ್ಲಿ ಬರುತ್ತಾ ಸಾಹೇಬರೇ? ಆಗುತ್ತೆ. ಡಾಕ್ಟರು ಬರ್ತಾರಾ? ಆಗುತ್ತೆ. ಬೀದಿಯ ಹೆಂಗಸರು ಅವನಿಗೆ ಆಗುತ್ತೆ ಸಾಹೇಬ ಅಂತಲೇ ಹೆಸರಿಟ್ಟು, ಅವನು ಬೆನ್ನು ತಿರುಗಿಸಿದ ಮೇಲೆ ಹೊಟ್ಟೆ ಹಿಡಿದು ನಗುತ್ತಿದ್ದರು. ಆಗ ನಗಲು ಇನ್ನೂ ಉಸಿರಿತ್ತು.

ಮೊದಲು ದೊಡ್ಡವಳ ಭಾಗ ಮಾಡೋಣ, ಬೆನ್ನಿಗೇ ಚಿಕ್ಕವಳದ್ದು ಅಂದ ಸಾಹೇಬ. ಆದರೆ ನಡುವೆ ಒಂದು ಗೋಡೆ ಬೇಕು. ಯಾವುದು ಸುಧಾರಿಸಿದ್ದು, ಯಾವುದು ಸುಧಾರಿಸಬೇಕಾದದ್ದು ಅಂತ ನೋಡಿದವರಿಗೆ ಗೊತ್ತಾಗಬೇಡವೇ? ಸೊಸೆಯರು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಇಟ್ಟಿಗೆ ಹೊತ್ತರು, ತಾವೇ ಮಣ್ಣು ಕಲಸಿದರು. ಕಿರಿಸೊಸೆಯ ಮಗಳು ಗುಬ್ಬಿ, ಅಂಗೈಯಷ್ಟು ಮಣ್ಣು ಹಿಡಿದು ತಂದು ಗೋಡೆಗೆ ಮೆತ್ತಿ, ಇದು ನನ್ನ ಗೋಡೆ ಅಂದಳು. ಎಲ್ಲರೂ ನಕ್ಕರು. ಗೋಡೆ ತಗಡಿನವರೆಗೂ ಎದ್ದಿತು.

ಕಿಟಕಿ ಅತ್ತ ಹೋಯಿತು. ಒಲೆ ಇತ್ತ ಉಳಿಯಿತು.

ಹಿರಿಸೊಸೆಗೆ ಹೊಸ ಒಲೆ ಬಂತಲ್ಲ, ಅವಳಾದರೂ ಅದರಲ್ಲಿ ಅಡುಗೆ ಮಾಡಿದಳೇ? ಅದೂ ಇಲ್ಲ. ಒಲೆ ಮಸಿಯಾಗುತ್ತದೆ, ಹಚ್ಚಬೇಡ ಅಂದ ಸಾಹೇಬ. ಪಾಯಿಖಾನೆಗೆ ಬೀಗ ಹಾಕಿ ಬೀಗದ ಕೈ ತಾನೇ ಇಟ್ಟುಕೊಂಡ. ಬಳಸಿದರೆ ವಾಸನೆ ಬರುತ್ತದಂತೆ. ಹೊಲಿಗೆ ಯಂತ್ರಕ್ಕೆ ಸೂಜಿಯೇ ಇರಲಿಲ್ಲ. ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿದ್ದರು. ಹಿರಿಸೊಸೆ ತನ್ನ ಮನೆಯಲ್ಲಿ ತಾನೇ ನೆಂಟಳಂತೆ ಗೋಡೆಗೆ ಒರಗದೆ ಕೂರುತ್ತಿದ್ದಳು. ಅಡುಗೆಗೂ ಅಂಟು ಬೇಯಿಸಲಿಕ್ಕೂ ಅವಳು ಓರಗಿತ್ತಿಯ ಕಡೆಗೇ ಬರಬೇಕು. ಎರಡು ಸಂಸಾರದ ಹೊಗೆಯೂ ಈಗ ಒಂದೇ ಕಡೆ. ಕಿಟಕಿಯಿಲ್ಲದ, ಹಿಂದಕ್ಕೆ ಕಾರ್ಖಾನೆಯ ಎತ್ತರದ ಗೋಡೆ ಅಂಟಿಕೊಂಡಿದ್ದ ಅರ್ಧ ಕೋಣೆಯಲ್ಲಿ. ಆಮೇಲಿನ ಮನೆ ಬೆಳ್ಳಗೆ ಹೊಳೆಯುತ್ತಿದ್ದದ್ದರ ಗುಟ್ಟು ಇಷ್ಟೇ.

ಒಂದು ಸಲ ಕಿರಿಸೊಸೆ ತಡೆಯಲಾರದೆ ಕೋಲಿನಿಂದ ತಗಡನ್ನು ಮೇಲಕ್ಕೆ ತಳ್ಳಿ, ಸಂದಿಗೆ ಕಲ್ಲು ಕೊಟ್ಟಳು. ಹೊಗೆಗೆ ದಾರಿಯಾಯಿತು. ಗುಬ್ಬಿ ಅವತ್ತು ಹೊಟ್ಟೆ ತುಂಬ ಉಂಡಳು. ಸಾಹೇಬ ಬಂದವನೇ ತಲೆಯೆತ್ತಿ ನೋಡಿದ. ಮನೆಗೆ ಕೈ ಹಚ್ಚಬೇಡಿ ಅಂತ ಹೇಳಿರಲಿಲ್ಲವೇ, ನಿಮ್ಮ ಸರದಿ ತಪ್ಪಿಹೋದರೆ ನನ್ನನ್ನು ಕೇಳಬೇಡಿ ಅಂದ. ಆಳು ಕರೆಸಿ ಕಲ್ಲು ತೆಗೆಸಿದ. ತಗಡು ಮತ್ತೆ ಕೂತಿತು.

ಸರದಿ. ಆ ಮಾತಿಗೆ ಕಿರಿಸೊಸೆ ಜೋತುಬಿದ್ದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಅವಳ ಲೆಕ್ಕ ಸರಳವಾಗಿತ್ತು. ನಮ್ಮ ಕಷ್ಟ ಎಷ್ಟು ಹೆಚ್ಚು ಕಂಡರೆ ಅಷ್ಟು ಬೇಗ ಕರುಳು ಕರಗುತ್ತದೆ. ಅದಕ್ಕೇ ಸೌದೆಗೆ ನೀರು. ಅದಕ್ಕೇ ಕಾರು ಕಂಡ ಕೂಡಲೇ ಮೈಮೇಲಿನ ಬಟ್ಟೆ ಬದಲಿಸಿ ಹರಕು ಉಡುವುದು. ಬೇಡಿ ಉಂಡವಳಲ್ಲ ಅವಳು, ದುಡಿದು ಉಂಡವಳು. ಬೇಡುವುದು ಹೇಗೆ ಅಂತ ಅವಳಿಗೆ ಗೊತ್ತಿರಲಿಲ್ಲ. ದುಡಿಯುವವರಿಗೆ ಗೊತ್ತಿರುವುದು ಒಂದೇ, ಹಿಡಿದ ಕೆಲಸ ಅಚ್ಚುಕಟ್ಟಾಗಿ ಮಾಡುವುದು. ಹೊಗೆ ತೋರಿಸುವ ಕೆಲಸವನ್ನೂ ಅವಳು ಅಚ್ಚುಕಟ್ಟಾಗಿಯೇ ಮಾಡಿದಳು.

ಒಮ್ಮೆ ಬಂದವರು ಬಾಗಿಲಲ್ಲಿ ನಿಂತಾಗ ಗುಬ್ಬಿ ಸುಮ್ಮನೆ ಕೂತಿದ್ದಳು. ಸಾಹೇಬ ಬಗ್ಗಿ ಕಿವಿಯಲ್ಲಿ ಕೇಳಿದ, "ಏನಮ್ಮ, ಮಗು ಇವತ್ತು ಕೆಮ್ತಿಲ್ವಾ?" ಎಲ್ಲಿ ಸರದಿ ತಪ್ಪುತ್ತದೋ ಅಂತ ಕಿರಿಸೊಸೆ ಹೆದರಿದಳು. ಮಗಳ ಬೆನ್ನು ತಟ್ಟಿ, ಕೆಮ್ಮು ಚಿನ್ನಾ, ಒಂದು ಸಲ ಕೆಮ್ಮು ಅಂದಳು. ಗುಬ್ಬಿ ಕೆಮ್ಮಿದಳು. ತಲೆ ನರೆತ ಒಬ್ಬ ಹೆಂಗಸು ಕಣ್ಣೊರೆಸಿಕೊಂಡು ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಕೊಟ್ಟಳು.

ಗುಬ್ಬಿ ಚೂಟಿ. ಒಂದೇ ಸಲಕ್ಕೆ ಕಲಿತಳು. ಕೆಮ್ಮಿದರೆ ಬಿಸ್ಕತ್ತು. ಆಮೇಲೆ ಬೂಟಿನ ಸದ್ದು ಕೇಳಿದರೆ ಸಾಕು, ಓಡಿಬಂದು ಮಣೆಯ ಮೇಲೆ ಕೂತು, ಕೆನ್ನೆ ಉಬ್ಬಿಸಿಕೊಂಡು ಶುರುಮಾಡುವಳು. ಹೆಂಗಸರು ನೋಡಿ ನಗುವರು. ಅವಳ ಫೋಟೋ ದೊಡ್ಡದಾಗಿ ಸಂಸ್ಥೆಯ ಗೇಟಿನ ಮೇಲೆ ಬಂತು. ಹಿಂದೆ ಮಸಿಗೋಡೆ, ಮುಂದೆ ಗುಬ್ಬಿ, ಬಾಯಿಗೆ ಅಡ್ಡ ಇಟ್ಟ ಪುಟ್ಟ ಕೈ. ಬೀದಿಯ ಮಕ್ಕಳು ಅದನ್ನು ನೋಡಲು ಹೋಗಿಬಂದರು. ಗುಬ್ಬಿ ತಾನು ದೊಡ್ಡ ಮನುಷ್ಯಳಾದೆ ಅಂದುಕೊಂಡಳು.

ಕೆಮ್ಮು ಯಾವಾಗ ಆಟ ಬಿಟ್ಟು ನಿಜವಾಯಿತೋ ಯಾರಿಗೂ ತಿಳಿಯಲಿಲ್ಲ. ಎದೆಯೊಳಗೆ ಸಿಳ್ಳೆ ಶುರುವಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ನಿದ್ದೆ ಮಾಡುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬೇಸರದಿಂದ, ಔಷಧಿ ಕೊಡ್ತೀನಿ, ಆದರೆ ಹೊಗೆಯಿಂದ ದೂರ ಇಡದಿದ್ದರೆ ಔಷಧಿ ನೀರಿಗೆ ಹಾಕಿದ ಹಾಗೆ ಅಂದರು. ದೂರ ಇಡುವುದು ಅಂದರೆ ಎಲ್ಲಿ? ಬೀದಿಯಲ್ಲಿ ಕಾರ್ಖಾನೆಯ ಲಾರಿ. ಪಕ್ಕದಲ್ಲಿ ಬೆಳ್ಳಗಿನ ಮನೆಯಿತ್ತು. ಅಲ್ಲಿ ಮಲಗಿಸಲು ಹೋದಾಗ ಹಿರಿಸೊಸೆ ಅಡ್ಡ ನಿಂತಳು. ಗೋಡೆಗೆ ಮಸಿ ಆದರೆ ಸಾಹೇಬ ನನ್ನ ಬಿಡೋದಿಲ್ಲ ಕಣೇ, ಎಲ್ಲ ವಾಪಸ್ಸು ತಗೊಂಡ್ರೆ ಏನು ಮಾಡ್ಲಿ ಅಂದಳು. ಕಣ್ಣು ತಪ್ಪಿಸಿ ಅಂದಳು. ಆದರೂ ಅಂದಳು.

ಕಿರಿಸೊಸೆ ನೆಟ್ಟಗೆ ಸಂಸ್ಥೆಗೆ ಹೋದಳು. ಗೇಟಿನ ಮೇಲಿದ್ದ ಮಗಳ ಕೆಳಗೆ ಹಾದು ಒಳಗೆ ಹೋದಳು. ಗೋದಾಮಿನ ಬಾಗಿಲು ತೆರೆದಿತ್ತು. ಒಳಗೆ ಒಲೆಯ ಕೊಳವೆಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಮೇಲೆ ಜೇಡ ಬಲೆ ಕಟ್ಟಿತ್ತು. ಒಂದು ಕೊಡಿ ಸಾಹೇಬರೇ, ಹೊತ್ಕೊಂಡು ಹೋಗ್ತೀನಿ, ನನ್ನ ಗಂಡ ಹಾಕ್ಕೋತಾನೆ, ಮಗಳು ಉಳೀತಾಳೆ ಅಂತ ಕೈ ಮುಗಿದಳು. ಸಾಹೇಬ ಅವತ್ತು ಆಗುತ್ತೆ ಅನ್ನಲಿಲ್ಲ. ಬಾಗಿಲು ಮುಂದಕ್ಕೆ ಎಳೆದು, ತಗ್ಗಿದ ದನಿಯಲ್ಲಿ, ಮನೆಯವಳಿಗೆ ಹೇಳುವಂತೆ ಹೇಳಿದ.

"ನಿನಗೂ ಕೊಟ್ಟುಬಿಟ್ರೆ ಬಂದೋರಿಗೆ ನಾನೇನು ತೋರಿಸ್ಲಿ? ಬೇರೆ ಮನೆ ಹುಡುಕಿದೆ ಕಣಮ್ಮ. ನಿನ್ನಷ್ಟು ಚೆನ್ನಾಗಿ ಯಾರೂ ಹೊಗೆ ಎಬ್ಬಿಸಲ್ಲ."

ಹೊಗಳಿಕೆ ಅದು. ಚಪ್ಪಲಿ ಹಾಕಿದವನೊಬ್ಬ ಅವಳ ಕೆಲಸವನ್ನು ಹೊಗಳಿದ್ದು ಅವಳ ಬದುಕಿನಲ್ಲೇ ಅದು ಮೊದಲ ಸಲ. ಅವಳು ಗೇಟಿನವರೆಗೂ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ತಾನು ಚಿಮುಕಿಸಿದ ನೀರೆಲ್ಲ ನೆನಪಾಯಿತು. ಮನೆಗೆ ಬಂದು ಆ ನೀರಿನ ಚೊಂಬನ್ನು ಬೀದಿಗೆಸೆದಳು.

ಗುಬ್ಬಿ ಹೋದದ್ದು ಒಂದು ಮಧ್ಯಾಹ್ನ. ಡ್ರಮ್ಮು ಗಟ್ಟಿಯಾಗುವ ಹೊತ್ತು. ಆಗ ಕೋಲು ಬಿಡುವಂತಿಲ್ಲ. ಹಿರಿಸೊಸೆ ನೀರಿಗೆ ಹೋಗಿದ್ದಳು. ಮೂಲೆಯಲ್ಲಿ ಮಣೆಯ ಮೇಲೆ ಕೂತಿದ್ದ ಹುಡುಗಿ ಕೆಮ್ಮತೊಡಗಿದಳು. ಕಿರಿಸೊಸೆ ತಿರುಗಿ ನೋಡದೆ, "ಸಾಕು ಬಿಡೇ, ಯಾರೂ ಬಂದಿಲ್ಲ" ಅಂದಳು.

ಅಷ್ಟೇ ಅಂದದ್ದು. ಬಾಯಿತಪ್ಪಿ ಬಂದ ಮಾತು. ಕೆಮ್ಮು ನಿಂತಿತು. ಮಾತು ಕೇಳಿದಳು ಅಂದುಕೊಂಡಳು ತಾಯಿ. ಇನ್ನಷ್ಟು ತಿರುವಿ, ಕೋಲು ಎತ್ತಿ, ಅಂಟು ನೂಲಿನಂತೆ ಇಳಿಯುತ್ತದೆಯೇ ಅಂತ ನೋಡಿ, ಆಮೇಲೆ ತಿರುಗಿದಳು. ಮಗು ಗೋಡೆಗೆ ಒರಗಿತ್ತು, ತಾನೇ ಮಣ್ಣು ಮೆತ್ತಿದ ಗೋಡೆಗೆ. ತುಟಿ ನೀಲಿಯಾಗಿತ್ತು. ಎತ್ತಿಕೊಂಡು ಬೀದಿಯುದ್ದಕ್ಕೂ ಓಡಿದಳು. ಲಾರಿಯವನು ಹತ್ತಿಸಿಕೊಳ್ಳಲಿಲ್ಲ, ವಾಸನೆ ಅಂದ. ಆಸ್ಪತ್ರೆ ಮುಟ್ಟಿದಾಗ ಡಾಕ್ಟರು ಮಗುವನ್ನು ಮುಟ್ಟಿ ಕೈ ತೊಳೆದುಕೊಂಡರು. ಮನೆಯಲ್ಲಿ ಡ್ರಮ್ಮು ತಳ ಹಿಡಿದು ಕರ್ರಗಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಕಿರಿಸೊಸೆ ಅಳಲಿಲ್ಲ. ಹೊಗೆಯಲ್ಲಿ ನೀರು ಸುರಿಸಿ ಸುರಿಸಿ ಆ ಕಣ್ಣಿನಲ್ಲಿ ಏನೂ ಉಳಿದಿರಲಿಲ್ಲ. ಗಂಡ ಗೋಡೆ ನೋಡುತ್ತಾ ಕೂತ. ಮತ್ತೆ ಮೂಟೆ ಬಂತು, ಮತ್ತೆ ಒಲೆ ಹಚ್ಚಿದಳು. ಹಚ್ಚದಿದ್ದರೆ ಉಣ್ಣುವುದೇನು.

ಹಾಗೆ ತಿರುವುತ್ತಿರುವಾಗಲೇ ಸಾಹೇಬ ಬಂದ. ಬಾಗಿಲಲ್ಲಿ ನಿಂತು ಲೊಚಗುಟ್ಟಿದ. ದೇವರ ಇಚ್ಛೆ ಅಂದ. ಹಿರಿಸೊಸೆಯೂ ಅಲ್ಲೇ ಇದ್ದಳು, ತೊಗಲು ತೊಳೆಯುತ್ತಿದ್ದಳು. ಅವಳ ಮಗಳು ಮೊಂಡಿ ಶಾಲೆಯ ಚೀಲ ಹೆಗಲಲ್ಲೇ ಇಟ್ಟುಕೊಂಡು ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಸಾಹೇಬ ಅವಳನ್ನು ನೋಡಿದ. ತಲೆ ಓರೆಮಾಡಿ ಮತ್ತೆ ನೋಡಿದ. ಸಂತೆಯಲ್ಲಿ ಕುರಿ ನೋಡುವ ಹಾಗೆ ನೋಡಿದ.

ನಾಳೆ ದೊಡ್ಡವರು ಬರುತ್ತಿದ್ದಾರೆ ಅಂದ. ದುಡ್ಡು ಕೊಡುವವರೇ ಬರುತ್ತಿದ್ದಾರೆ. ಗೇಟಿನ ಮೇಲಿನ ಹುಡುಗಿಯನ್ನು ನೋಡಬೇಕು ಅಂತಲೇ ಅಷ್ಟು ದೂರದಿಂದ ಬರುತ್ತಿದ್ದಾರೆ. ಸತ್ತದ್ದು ಅವರಿಗೆ ಗೊತ್ತಿಲ್ಲ, ಈಗ ಹೇಳಿದರೆ ಅವರ ಮನಸ್ಸು ಕೆಡುತ್ತದೆ, ನೆರವು ನಿಂತರೆ ಇಡೀ ಬೀದಿಗೆ ನಷ್ಟ. ಇಷ್ಟು ಹೇಳಿ ಗಂಟಲು ಸರಿಮಾಡಿಕೊಂಡ.

"ಈ ಹುಡುಗೀನ ಒಂದು ಗಳಿಗೆ ಆ ಮಣೆ ಮೇಲೆ ಕೂರಿಸಿ. ಮುಖಕ್ಕೆ ಸ್ವಲ್ಪ ಮಸಿ ಹಚ್ಚಿದ್ರೆ ಯಾರಿಗೂ ಗೊತ್ತಾಗಲ್ಲ. ಸ್ವಲ್ಪ ಕೆಮ್ಮಿದ್ರೆ ಸಾಕು. ನಾಳೆ ಆದ ಮೇಲೆ ಕೊಳವೆ ಖಂಡಿತ ಆಗುತ್ತೆ."

ಕೋಲು ನಿಂತಿತು. ಡ್ರಮ್ಮು ತಳ ಹಿಡಿಯುವ ವಾಸನೆ ಬಂತು. ಯಾರೂ ಅದನ್ನು ನೋಡಲಿಲ್ಲ.

ಹಿರಿಸೊಸೆ ಎದ್ದಳು. ಅವಳ ಕೈಯಿಂದ ಸುಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಇಷ್ಟು ದಿನ ಹಲ್ಲು ಬಿಟ್ಟು ನಕ್ಕ ಹೆಂಗಸು ಅವಳು. ಉಸಿರು ಕಟ್ಟುತ್ತಿದ್ದ ಗುಬ್ಬಿಗೆ ಬಾಗಿಲಲ್ಲಿ ಅಡ್ಡ ನಿಂತವಳು. ಅವಳಿಗೆ ಅದೆಲ್ಲ ನೆನಪಿತ್ತು. ಮೊಂಡಿಯನ್ನು ರಟ್ಟೆ ಹಿಡಿದೆತ್ತಿ ತನ್ನ ಹಿಂದಕ್ಕೆ ಎಳೆದುಕೊಂಡಳು. ಸಾಹೇಬ ಇಬ್ಬರ ಮುಖವನ್ನೂ ನೋಡಿ, ಸುಮ್ಮನಿದ್ದದ್ದನ್ನು ಒಪ್ಪಿಗೆ ಅಂತ ತಿಳಿದು, ಸರಿ ಹಾಗಾದ್ರೆ, ಸೌದೆ ಒದ್ದೆ ಇರಲಿ ಅಂತ ಹೇಳಿ ಹೋದ. ಬಡವರು ಸುಮ್ಮನಿದ್ದರೆ ಒಪ್ಪಿದರು ಅಂತ ತಿಳಿಯುವುದು ಇಂಥವರ ಹುಟ್ಟುಗುಣ.

ಅವನು ಹೋದ ಮೇಲೆ ಹಿರಿಸೊಸೆ ಕಿರಿಸೊಸೆಯ ಮುಂದೆ ನೆಲಕ್ಕೆ ಕುಸಿದಳು.

"ನನ್ನ ಗೋಡೆ ಮಸಿಯಾಗುತ್ತೆ ಅಂದೆನಲ್ಲೇ."

ಕಿರಿಸೊಸೆ ಅವಳನ್ನು ಸಮಾಧಾನ ಮಾಡಲಿಲ್ಲ. ಕ್ಷಮಿಸಲೂ ಇಲ್ಲ. "ಎದ್ದೇಳಕ್ಕ," ಅಂದಳು. "ಅಳೋದು ಆಮೇಲೆ. ಹಾರೆ ಬೇಕು."

ಬೆಳಗ್ಗೆ ಗಂಡಸರು ಕೆಲಸಕ್ಕೆ ಹೋಗುವಾಗ ಕಿರಿಸೊಸೆಯ ಗಂಡ ರಾತ್ರಿಯೇ ಕಾರ್ಖಾನೆಯಿಂದ ತಂದಿದ್ದ ಹಾರೆಗಳನ್ನು, ಒಂದು ಈ ಬಾಗಿಲಿಗೆ, ಒಂದು ಆ ಬಾಗಿಲಿಗೆ ಒರಗಿಸಿಟ್ಟು ಹೋದ. ಹೆಂಗಸರು ಸೆರಗು ಸಿಕ್ಕಿಸಿದರು. ಗೋಡೆ ಕಟ್ಟುವ ದಿನ ಸಿಕ್ಕಿಸಿದ ಹಾಗೆಯೇ. ಇತ್ತಿಂದ ಒಬ್ಬಳು, ಅತ್ತಿಂದ ಒಬ್ಬಳು. ಹೊಡೆದರು. ದಿನವಿಡೀ ಡ್ರಮ್ಮು ತಿರುವಿದ ತೋಳುಗಳು ಅವು, ಸುಲಭಕ್ಕೆ ಸೋಲುವಂಥವಲ್ಲ. ಸುಣ್ಣ ಉದುರಿತು, ಮಣ್ಣು ಉದುರಿತು, ಇಟ್ಟಿಗೆ ಸಡಿಲಾಯಿತು. ಒಂದು ಕಡೆ, ಕೆಳಗೆ, ಪುಟ್ಟ ಬೆರಳಿನ ಗುರುತು ಇದ್ದ ಮಣ್ಣು. ಅಲ್ಲಿ ಮಾತ್ರ ಕಿರಿಸೊಸೆ ಹಾರೆ ಕೆಳಗಿಟ್ಟಳು. ಆ ಭಾಗವನ್ನು ಮುಟ್ಟದೆ ಸುತ್ತಲೂ ಕೆಡವಿದಳು. ಒಡೆದ ಕಡೆಯಿಂದ ಅತ್ತಣ ಕಿಟಕಿಯ ಬೆಳಕು ಬಂದು ಮಸಿಗೋಡೆಗೆ ಬಿತ್ತು.

ಆಮೇಲೆ ಅವಳು ಒಲೆ ಹಚ್ಚಿದಳು. ಸೌದೆಗೆ ನೀರು ಸುರಿದಳು. ಚಿಮುಕಿಸಲಿಲ್ಲ, ಕೊಡವನ್ನೇ ಬಗ್ಗಿಸಿದಳು.

ಬಿಳಿ ಕಾರುಗಳು ಬಂದಾಗ ಎರಡೂ ಬಾಗಿಲಿನಿಂದ ಹೊಗೆ ಹೊರಳಿ ಹೊರಳಿ ಬೀದಿಗೆ ಬರುತ್ತಿತ್ತು. ಕಿಟಕಿಯಿಂದಲೂ. ಬೆಳ್ಳಗಿದ್ದ ಗೋಡೆ ಆಗಲೇ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೊಲಿಗೆ ಯಂತ್ರದ ಹೂವಿನ ಬಟ್ಟೆ ಎತ್ತಿ ಹಿರಿಸೊಸೆ ಮುಖದ ಬೆವರು ಒರೆಸಿಕೊಳ್ಳುತ್ತಿದ್ದಳು. ಪರದೇಶದವರು ಯಾವ ಬಾಗಿಲಿಗೆ ಮೊದಲು ಹೋಗಬೇಕೆಂದು ತಿಳಿಯದೆ ಬೀದಿಯ ನಡುವೆ ನಿಂತರು. ಕರ್ಚೀಫು ತೆಗೆಯಬೇಕೋ ಇಡಬೇಕೋ ಗೊತ್ತಾಗಲಿಲ್ಲ.

ಆ ನರೆತ ತಲೆಯ ಹೆಂಗಸೂ ಬಂದಿದ್ದಳು. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಫೋನಿನಲ್ಲಿ ಗುಬ್ಬಿಯ ಫೋಟೋ ತೋರಿಸಿ ಏನೋ ಕೇಳಿದಳು. ಸಾಹೇಬನ ಮುಖ ಬಿಳಿಚಿಕೊಂಡಿತ್ತು. ಆದರೂ ನಕ್ಕ. ಅವರ ಭಾಷೆಯಲ್ಲಿ ಏನೇನೋ ಹೇಳುತ್ತಾ ಬಾಗಿಲ ಬಳಿ ನಿಂತಿದ್ದ ಮೊಂಡಿಯ ತಲೆಯ ಮೇಲೆ ಕೈಯಿಟ್ಟು ಅವಳನ್ನು ಮುಂದಕ್ಕೆ ತಳ್ಳಿದ. ಹೇಳಿದ್ದೇನು ಅಂತ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ. ಹೆಂಗಸು ಬಗ್ಗಿ ಮೊಂಡಿಗೆ ಬಿಸ್ಕತ್ತು ಚಾಚಿದಳು.

ಮೊಂಡಿ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತು ಅವಳು ಅವರ ಭಾಷೆಯ ಒಂದೆರಡು ಮಾತು ಕಲಿತಿದ್ದಳು. ಫೋನಿನ ಮೇಲೆ ಬೆರಳಿಟ್ಟು ಅದರಲ್ಲೊಂದನ್ನು ಹೇಳಿದಳು. ಸತ್ತಳು ಅಂತ.

ಹೆಂಗಸಿನ ಕೈ ಹಾಗೇ ನಿಂತುಬಿಟ್ಟಿತು. ಎತ್ತಿದ್ದ ಕ್ಯಾಮರಾಗಳು ಇಳಿದವು. ಸಾಹೇಬ ಈಗ ನಮ್ಮ ಭಾಷೆಗೆ ತಿರುಗಿ ಹಲ್ಲು ಕಡಿದ. ಏನು ಮಾಡಿಟ್ಟಿದ್ದೀರಿ, ಬೀದಿಗೆಲ್ಲ ಮಣ್ಣು ಹಾಕಿದಿರಲ್ಲ, ಇನ್ನು ಯಾವ ನಾಯಿಯೂ ನಿಮ್ಮ ಕಡೆ ತಿರುಗಿ ನೋಡಲ್ಲ ಅಂದ.

ಕಿರಿಸೊಸೆ ಒಳಗೆ ಹೋಗಿ ಮಣೆ ತಂದಳು. ಗುಬ್ಬಿ ಕೂತು ಕೂತು ನಡುವೆ ನುಣುಪಾಗಿದ್ದ ಮಣೆ. ಹೊಗೆ ಕಾರುತ್ತಿದ್ದ ಹೊಸ್ತಿಲ ಮೇಲೆ, ಅವನ ಕಾಲ ಬಳಿ ಅದನ್ನು ಇಟ್ಟಳು. ಇಷ್ಟು ವರ್ಷ ಸಾಹೇಬರೇ ಅಂದ ಬಾಯಿ ಅದು.

"ಕೂತ್ಕೋ," ಅಂದಳು. "ನಮ್ಮ ಮಕ್ಕಳು ಕೆಮ್ಮಿದ್ದು ಸಾಕು. ಇವತ್ತು ನೀನು ಕೆಮ್ಮು."

ಅವನು ಹಿಂದೆ ಸರಿಯಲು ನೋಡಿದ. ಹಿಂದೆ ಬೀದಿಯ ಹೆಂಗಸರು ನಿಂತಿದ್ದರು. ಯಾರೂ ದಾರಿ ಬಿಡಲಿಲ್ಲ. ಏನೋ ಹೇಳಲು ಬಾಯಿ ತೆರೆದ, ಬಹುಶಃ ಆಗುತ್ತೆ ಅನ್ನಲೇ ಇರಬೇಕು. ಆ ಹೊತ್ತಿಗೆ ಒಳಗಿಂದ ಹೊಗೆಯ ಒಂದು ಮುದ್ದೆ ಎದ್ದು ಬಂದು ನೇರ ಅವನ ಬಾಯಿಗೆ ಹೊಕ್ಕಿತು. ಅವನು ಕೆಮ್ಮಿದ. ಬಗ್ಗಿ, ಮೊಣಕಾಲು ಹಿಡಿದುಕೊಂಡು, ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತಾ ಕೆಮ್ಮಿದ.

ಚೆನ್ನಾಗಿಯೇ ಕೆಮ್ಮಿದ. ಯಾರೂ ಅವನಿಗೆ ಬಿಸ್ಕತ್ತು ಕೊಡಲಿಲ್ಲ.